ಮಣ್ಣಿಗಿಂತ ಮೊದಲು ನೀರನ್ನು ಸರಿ ಮಾಡಿದೆ

ಕಿತ್ತಳೆ, ನಿಂಬೆ ಜಾತಿಯ ಗಿಡಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗ ತಗುಲಿದ ಗಿಡವನ್ನು ಕಿತ್ತು ಹಾಕು ಎಂದು ನನಗೆ ಹೇಳದವರಿಲ್ಲ. ರೋಗ ಅಲ್ಲೊಂದು ಇಲ್ಲೊಂದು ಗಿಡದಲ್ಲಿದ್ದರೆ ಆ ಮಾತು ಸರಿ. ಸಾಲಿಗೆ ಸಾಲೇ ಹಿಡಿದ ಮೇಲೆ ಕೀಳುತ್ತಾ ಹೋದರೆ ತೋಟವೇ ಉಳಿಯುವುದಿಲ್ಲ. ನಾನು ಕೀಳಲಿಲ್ಲ. ನನ್ನ ಗಿಡಗಳಲ್ಲಿ ರೋಗ ಇಂದಿಗೂ ಇದೆ, ಫಸಲೂ ಇದೆ. ಎರಡನೆಯದನ್ನು ನಂಬದವರು ಈಗ ಬಂದು ನೀರಿನ ಲೆಕ್ಕ ಕೇಳುತ್ತಿದ್ದಾರೆ.

ಮೊದಲ ಕೆಲವು ವರ್ಷ ದುಡ್ಡೆಲ್ಲ ಎಲೆಯ ಮೇಲೆ ಹೋಯಿತು. ಸತು, ಮ್ಯಾಂಗನೀಸ್, ಕಬ್ಬಿಣ ಎಂದು ಸಿಂಪಡಿಸಿದ್ದೇ ಸಿಂಪಡಿಸಿದ್ದು. ಒಂದು ಚಿಗುರು ಹಸಿರಾಗಿ ಬರುತ್ತಿತ್ತು, ಮುಂದಿನದು ಮತ್ತೆ ಹಳದಿ. ಗೊಬ್ಬರ ಹೆಚ್ಚಿಸಿದರೂ ಕಾಯಿ ಉದುರುವುದು ನಿಲ್ಲಲಿಲ್ಲ. ವರ್ಷದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಕರಗುತ್ತಿತ್ತು.

ಬುಡ ಕೆದಕಿ ನೋಡಿದಾಗ ವಿಷಯ ಬಯಲಾಯಿತು. ದಪ್ಪ ಬೇರುಗಳು ಗಟ್ಟಿಯಾಗಿದ್ದವು. ಹನಿ ಬೀಳುವ ಜಾಗದಲ್ಲಿ ಜಾಲದಂತೆ ಹೆಣೆದುಕೊಂಡಿರಬೇಕಾದ, ಬಿಳಿ ತುದಿಯ ಎಳೆಬೇರುಗಳು ಮಾತ್ರ ಬೆರಳಿಗೆ ಸಿಗಲಿಲ್ಲ. ರೋಗಾಣು ಎಲೆಯಲ್ಲಿ ಮಚ್ಚೆ ಕಾಣಿಸುವ ಮೊದಲೇ ಬೇರಿಗೆ ಇಳಿದಿರುತ್ತದೆ. ಉಳಿದ ನಾಲ್ಕು ಎಳೆಬೇರುಗಳಿಗೂ ಸುಣ್ಣದ ನೀರು ಕುಡಿಸಿದರೆ ಅವು ಏನನ್ನು ಹೀರಿಯಾವು?

ಮಣ್ಣಿನ ರಸಸಾರ (ಪಿಎಚ್) ಏಳೂವರೆಯ ಮೇಲಿತ್ತು, ಅಂದರೆ ಕ್ಷಾರದ ಕಡೆಗೆ. ಎಲ್ಲರಂತೆ ಗಂಧಕ ಹಾಕಿದೆ. ಅದನ್ನು ಆಮ್ಲವಾಗಿಸುವ ಕೆಲಸ ಮಣ್ಣಿನ ಬ್ಯಾಕ್ಟೀರಿಯಾಗಳದ್ದು, ಬಿಸುಪೂ ತೇವವೂ ಇದ್ದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ರಸಸಾರ ಸ್ವಲ್ಪ ಇಳಿದು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು. ಆಗ ನೀರಿನ ಪರೀಕ್ಷೆ ಮಾಡಿಸಿದೆ: ರಸಸಾರ ಏರಿಸುವ ಬೈಕಾರ್ಬೊನೇಟ್ ಎಂಬ ಕ್ಷಾರದಂಶ ಲೀಟರಿಗೆ ಸುಮಾರು 240 ಮಿಲಿಗ್ರಾಂ. 100 ದಾಟಿದರೇ ಎಚ್ಚರ ಬೇಕು. ಗಂಧಕ ಇಳಿಸಿದ್ದನ್ನು ನಾನು ಹಾಯಿಸುವ ನೀರೇ ಪ್ರತಿದಿನ ಮೇಲಕ್ಕೆತ್ತುತ್ತಿತ್ತು.

ಅಲ್ಲಿಂದ ಸಿಂಪಡಣೆಯನ್ನು ಬಹಳಷ್ಟು ಕಡಿತಗೊಳಿಸಿ ಆ ಹಣವನ್ನು ನೀರಿಗೆ ಹಾಕಿದೆ. ಇಂತಹ ನೀರಿಗೆ ಸಾವಿರ ಲೀಟರಿಗೆ ಸುಮಾರು 90 ಮಿಲಿಲೀಟರ್ ಗಾಢ ಗಂಧಕಾಮ್ಲ ಹಿಡಿಯುತ್ತದೆ. ಬೈಕಾರ್ಬೊನೇಟ್ ಪೂರ್ತಿ ತೆಗೆಯಬಾರದು, ಐದರಲ್ಲಿ ಒಂದು ಪಾಲಿನಷ್ಟು ಬಿಡಬೇಕು. ಇಲ್ಲದಿದ್ದರೆ ರಸಸಾರ ಒಮ್ಮೆಲೇ ಕುಸಿಯುತ್ತದೆ. ಬಕೆಟ್ಟಿನಲ್ಲಿ ಮೊದಲು ರಸಸಾರ ಅಳೆದು ನೋಡಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಹಿತ್ತಾಳೆ, ಕಬ್ಬಿಣದ ಜೋಡಣೆಗಳನ್ನೆಲ್ಲ ಪ್ಲಾಸ್ಟಿಕ್ಕಿಗೆ ಬದಲಿಸಿದ್ದೇ ದೊಡ್ಡ ಖರ್ಚಾಯಿತು. ಹನಿ ನಳಿಕೆ ಕಟ್ಟಿಕೊಳ್ಳುವುದು ನಿಂತದ್ದರಿಂದ ಅದರಲ್ಲೊಂದು ಪಾಲು ಹಿಂದಕ್ಕೆ ಬಂತು. ಆಮ್ಲದ ಜೊತೆ ಯಾವ ಗೊಬ್ಬರವನ್ನು ಯಾವ ಸರದಿಯಲ್ಲಿ ಬಿಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಮಧ್ಯೆ ಒಂದು ಸಾಲಿಗೆ ಸಿಟ್ರಿಕ್ ಆಮ್ಲ ಬಿಟ್ಟೆ. ಕೈಗೆ ಅಪಾಯ ಕಡಿಮೆ ಎಂಬ ಆಸೆ. ನೀರಿನಲ್ಲಿ ರಸಸಾರ ಚೆನ್ನಾಗಿಯೇ ಇಳಿಯಿತು, ಮಣ್ಣಿನಲ್ಲಿ ನಿಲ್ಲಲಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ, ಬೈಕಾರ್ಬೊನೇಟ್ ಮರಳಿ ಬರುತ್ತದೆ. ಅಷ್ಟು ಬೆಲೆ ಕೊಟ್ಟು ಅದನ್ನು ಕೊಳ್ಳುವುದು ದಂಡ.

ಎರಡನೆಯ ವರ್ಷದ ಹೊತ್ತಿಗೆ ಹನಿ ಬೀಳುವ ಜಾಗದ ರಸಸಾರ ಆರರಿಂದ ಆರೂವರೆಯ ನಡುವೆ ನಿಂತಿತು. ಎಳೆಬೇರು ಮರಳಿತು. ಬಳಿಕ ಎಲೆ ದಟ್ಟವಾಯಿತು, ಕಾಯಿ ಉದುರುವುದು ಅರ್ಧಕ್ಕಿಳಿಯಿತು. ಆಮ್ಲವಿಲ್ಲದ ನೀರು ಕುಡಿಯಲೆಂದೇ ಬಿಟ್ಟ ಸಾಲಿನಲ್ಲಿ ಕೊಂಬೆಯ ತುದಿಗಳು ಒಣಗುತ್ತಲೇ ಇವೆ. ಅನುಮಾನವಿರುವವರನ್ನು ನೇರವಾಗಿ ಅಲ್ಲಿಗೇ ಕರೆದೊಯ್ಯುತ್ತೇನೆ. ಎಲೆಯ ಮಚ್ಚೆ ಮಾತ್ರ ಎರಡೂ ಕಡೆ ಇದೆ. ನಡುನರದ ಎಡಬಲಕ್ಕೆ ಒಂದೇ ಸಮವಿಲ್ಲದ ಆ ಹಳದಿ ರೋಗದ್ದು, ಯಾವ ಆಮ್ಲಕ್ಕೂ ಅಳಿಯುವುದಿಲ್ಲ. ಈ ರೋಗವನ್ನು ಹರಡುವ ಸಿಲ್ಲಾ ಕೀಟದ ಹತೋಟಿಯನ್ನು ಒಂದು ಚಿಗುರಿಗೂ ನಾನು ತಪ್ಪಿಸಿಲ್ಲ.

ಸ್ವಿಂಗಲ್, ಕ್ಯಾರಿಜೊ ಎಂಬ ಬೇರುತಳಿಗಳ ಮೇಲೆ ಕಸಿ ಕಟ್ಟಿದವರಿಗೆ ಇದರ ಲಾಭ ಹೆಚ್ಚು, ಸುಣ್ಣವನ್ನು ಅವು ಸಹಿಸುವುದೇ ಇಲ್ಲ. ಕ್ಲಿಯೋಪಾತ್ರ ಬೇರು ಒಂದಿಷ್ಟು ತಾಳಿಕೊಳ್ಳುತ್ತದೆ. ಶುರು ಮಾಡುವ ಮೊದಲು ಒಂದು ಹಿಡಿ ಮಣ್ಣಿಗೆ ಆಮ್ಲದ ಹನಿ ಬಿಟ್ಟು ನೋಡಿ. ಬುಸುಗುಟ್ಟಿ ನೊರೆ ಉಕ್ಕಿದರೆ ಮಣ್ಣಿನಲ್ಲೇ ಸುಣ್ಣ ತುಂಬಿದೆ. ಎಷ್ಟು ಗಂಧಕ ಸುರಿದರೂ ಇಡೀ ತೋಟದ ರಸಸಾರ ಇಳಿಯದು, ಹನಿ ಬೀಳುವ ಅಂಗೈಯಗಲದ ಜಾಗವನ್ನಷ್ಟೇ ಗುರಿಯಾಗಿಟ್ಟುಕೊಳ್ಳಿ. ವರ್ಷಗಟ್ಟಲೆ ತಾಮ್ರ ಸಿಂಪಡಿಸಿದ ತೋಟವಾದರೆ ರಸಸಾರವನ್ನು ಆರೂವರೆಗಿಂತ ಕೆಳಗೆ ಇಳಿಸಲೇಬೇಡಿ, ಆ ತಾಮ್ರವೇ ಬೇರಿಗೆ ವಿಷವಾಗುತ್ತದೆ.