ಹಟ ಹಿಡಿದ ಚೈನ್ ಪಿನ್ ತೆಗೆಯುವುದು ಹೇಗೆ?

ಸೈಕಲ್ ಚೈನ್ ಬಿಚ್ಚಲು ಕೂತವರಲ್ಲಿ ಹೆಚ್ಚಿನವರು ಸೋಲುವುದು ಬಲ ಸಾಲದೆ ಅಲ್ಲ, ಅವಸರಕ್ಕೆ. ಹಿಡಿ ತಿರುಗಿಸಿದರೆ ಮೊನೆ ಮುಂದೆ ಬಂದು ಕೊಂಡಿಯ ಪಿನ್ನನ್ನು ಹೊರಗೆ ತಳ್ಳುವ ಸಾಧನವೇ ಚೈನ್ ಕಟರ್. ಚೈನನ್ನು ಅದಕ್ಕೆ ಸಿಕ್ಕಿಸಿದ ಕೂಡಲೇ ಹಿಡಿಯನ್ನು ಗಟ್ಟಿಯಾಗಿ ತಿರುಗಿಸುತ್ತಾರೆ. ಪಿನ್ ಅಲ್ಲಾಡುವುದಿಲ್ಲ, ಕಟರ್‌ನ ಮೊನೆಯೇ ಬಾಗುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಚೈನನ್ನು ಒಂದು ಸುತ್ತು ಪೂರ್ತಿ ನೋಡಿ. ಎಲ್ಲೋ ಒಂದು ಕಡೆ ಲಾಕ್ ಇರುವ ಕೊಂಡಿ, ಅಂದರೆ ಪಿನ್ ತಳ್ಳದೆಯೇ ಬಿಚ್ಚಬಹುದಾದ ಕೊಂಡಿ, ಸಿಕ್ಕರೆ ಕಟರ್ ಬೇಕೇ ಇಲ್ಲ. ಇಲ್ಲದಿದ್ದರೆ ಒಂದು ಪಿನ್ ಆರಿಸಿ, ಕೊಳೆ ಉಜ್ಜಿ ತೆಗೆಯಿರಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ.

ಈಗ ನಿಜವಾದ ಕೆಲಸ. ಕೆಲವು ಕಟರ್‌ಗಳಲ್ಲಿ ಚೈನ್ ಕೂರಿಸಲು ಎರಡು ಸಾಲು ಹಲ್ಲುಗಳಿರುತ್ತವೆ. ಪಿನ್ ತೆಗೆಯಲು ಹಿಡಿಯಿಂದ ದೂರದ ಸಾಲಿನಲ್ಲೇ ಇಡಬೇಕು. ಅಲ್ಲಿ ಚೈನಿನ ಬೆನ್ನಿಗೆ ಗಟ್ಟಿ ಗೋಡೆಯ ಆಸರೆ ಇದೆ. ಹತ್ತಿರದ ಸಾಲಿಗೆ ಆ ಆಸರೆ ಇಲ್ಲ, ಅಲ್ಲಿಟ್ಟು ಒತ್ತಿದರೆ ಹಲ್ಲೇ ಮುರಿಯುತ್ತದೆ. ಚೈನ್ ತಳಕ್ಕೆ ತಾಗಿ ಕೂತಿದೆಯಾ ನೋಡಿ. ಹಿಡಿಯನ್ನು ಬೆರಳ ತುದಿಯಲ್ಲೇ ತಿರುಗಿಸುತ್ತಾ ಮೊನೆಯನ್ನು ಪಿನ್‌ಗೆ ತಾಗಿಸಿ ನಿಲ್ಲಿಸಿ. ಬೆಳಕಿಗೆ ಹಿಡಿದು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಮೊನೆ ಪಿನ್ನಿನ ನಟ್ಟನಡುವೆ ಇರಬೇಕು. ಕೂದಲೆಳೆಯಷ್ಟು ಆಚೀಚೆ ಇದ್ದರೂ ಹಿಂದೆ ತಿರುಗಿಸಿ ಮತ್ತೆ ಕೂರಿಸಿ.

ಆಮೇಲೆ ನಿಧಾನವಾಗಿ, ಒಂದೇ ಸಮನೆ ಬಲ ಹಾಕಿ. ಹೊರಗಿನ ಪಟ್ಟಿ ಕಳಚದಿರಲಿ ಅಂತ ಪಿನ್ನಿನ ತುದಿಯನ್ನು ಜಜ್ಜಿ ಅಗಲ ಮಾಡಿರುತ್ತಾರೆ. ಆ ತುದಿ ತೂತಿನೊಳಗೆ ನುಗ್ಗುವಾಗ ‘ಟಕ್’ ಅನ್ನುತ್ತದೆ. ಗಾಬರಿ ಬೇಡ, ಏನೂ ಮುರಿದಿಲ್ಲ. ಅಲ್ಲಿಂದ ಮುಂದೆ ಹಿಡಿ ಹಗುರಾಗುತ್ತದೆ. ಆದರೆ ‘ಟಕ್’ ಇಲ್ಲದೆ ಬಿಗಿ ಏರುತ್ತಲೇ ಹೋದರೆ ನಿಲ್ಲಿಸಿ, ಬಿಚ್ಚಿ, ಮೊನೆ ನೆಟ್ಟಗಿದೆಯಾ ನೋಡಿ. ಹಳೇ ಚೈನ್ ಎಸೆಯುವುದೇ ಆದರೆ ಪಿನ್ನಿನ ಅಗಲ ತಲೆಯನ್ನು ಅರದಿಂದ ಉಜ್ಜಿ ಸಪಾಟು ಮಾಡಿ. ಅರ್ಧ ಹಟ ಅಲ್ಲೇ ಇಳಿಯುತ್ತದೆ.

ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ, ಪಕ್ಕದ ಪಟ್ಟಿ ಸೊಟ್ಟಗಾಗುತ್ತದೆ. ಜೇಬಿನ ಮಡಚುವ ಟೂಲ್‌ಗಳಲ್ಲಿರುವ ಪುಟ್ಟ ಕಟರ್ ದಾರಿ ಮಧ್ಯದ ಕಷ್ಟಕ್ಕೆ ಮಾತ್ರ. ಮನೆಗೆ ಉದ್ದ ಹಿಡಿಯ, ಮೊನೆ ಬದಲಿಸಲು ಬರುವ ಕಟರನ್ನೇ ಕೊಳ್ಳಿ.

ಪಿನ್ ಎಲ್ಲಿಯವರೆಗೆ ತಳ್ಳಬೇಕು? ಒಂದೇ ಗೇರಿನ ಸೈಕಲ್ಲಿನ ದಪ್ಪ ಚೈನ್ ಆಗಿದ್ದು, ಅದೇ ಪಿನ್ ಮತ್ತೆ ಬೇಕಿದ್ದರೆ ಪೂರ್ತಿ ಹೊರಗೆ ಬೀಳಿಸಬೇಡಿ. ಆಚೆ ಬದಿಯ ಪಟ್ಟಿಯಲ್ಲಿ ಸಿಕ್ಕಿಕೊಂಡೇ ಇರಲಿ. ಚೈನನ್ನು ಪಕ್ಕಕ್ಕೆ ಬಾಗಿಸಿದರೆ ಕೊಂಡಿ ಬಿಡುತ್ತದೆ. ಬಿಡದಿದ್ದರೆ ಇನ್ನೊಂದು ಕಾಲು ಸುತ್ತು. ಹಿಂದೆ 10, 11, 12 ಗೇರ್ ಚಕ್ರಗಳಿರುವ ಸೈಕಲ್ಲಿನ ತೆಳು ಚೈನ್ ಆದರೆ ಪಿನ್ ಪೂರ್ತಿ ತೆಗೆದುಬಿಡಿ. ಅದನ್ನು ಮತ್ತೆ ಹಾಕಲೇಬಾರದು, ಓಡುವಾಗ ಚೈನ್ ಕಿತ್ತು ಬರಬಹುದು. ಜೋಡಿಸಲು ಆ ಚೈನಿಗೆ ಹೊಂದುವ ಹೊಸ ಲಾಕ್ ಕೊಂಡಿ ಅಥವಾ ಜೋಡಣೆಯ ಪಿನ್ ಬೇಕು.

ಮೊನೆಯನ್ನು ಪೂರ್ತಿ ಹಿಂದೆ ತಿರುಗಿಸಿದ ಮೇಲೆಯೇ ಚೈನ್ ಎತ್ತಿ.

ಹಳೇ ಪಿನ್ನಿನಿಂದಲೇ ಜೋಡಿಸಿದಾಗ ಆ ಕೊಂಡಿ ಬಿಗಿಯಾಗಿ, ಮಡಚದೆ ನಿಂತರೆ ಈಗ ಹತ್ತಿರದ ಹಲ್ಲುಸಾಲಿನ ಸರದಿ. ಅಲ್ಲಿ ಕೂರಿಸಿ, ಪಿನ್ ಜಾಸ್ತಿ ಚಾಚಿಕೊಂಡಿರುವ ಕಡೆಯಿಂದ ಹಿಡಿಯನ್ನು ಒಂದಿಷ್ಟೇ ತಿರುಗಿಸಿ. ಕೊಂಡಿ ಸಡಿಲವಾಗುತ್ತದೆ.