ಮದುವೆ ಮನೆಯಲ್ಲಿ ಹೆಸರು ನೆನಪಾಗದಿದ್ದರೆ

ಕಲ್ಯಾಣಮಂಟಪದ ಬಾಗಿಲಲ್ಲೇ ಪರಿಚಿತರೊಬ್ಬರು ಎದುರಾಗಿ "ನನ್ನ ಗುರುತು ಸಿಕ್ಕಿತೇ?" ಎಂದು ಕೇಳಿದಾಗ, ಅವರ ಊರು, ಕೆಲಸ, ಮಕ್ಕಳು ಎಲ್ಲವೂ ನೆನಪಾಗಿ ಹೆಸರೊಂದೇ ಹೊಳೆಯದೆ ತಬ್ಬಿಬ್ಬಾಗುವುದುಂಟು. ಇದನ್ನು ಉದಾಸೀನವೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಪದವನ್ನು ಉದ್ಯೋಗವೆಂದು ಹೇಳಿದಾಗ ಜನ ಸುಲಭವಾಗಿ ನೆನಪಿಟ್ಟುಕೊಂಡರು, ಮನೆತನದ ಹೆಸರೆಂದು ಹೇಳಿದಾಗ ಹೆಚ್ಚಾಗಿ ಮರೆತರು.

ಆದ್ದರಿಂದ ಸಿದ್ಧತೆ ಮನೆಯಲ್ಲೇ ಆಗಬೇಕು. ಹೊರಡುವ ಹಿಂದಿನ ದಿನ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳನ್ನು ಓದಿ, ಹಿರಿಯರೊಬ್ಬರೊಡನೆ ಹಳೆಯ ಮದುವೆಯ ಆಲ್ಬಮ್ ತೆರೆದು, ಯಾರು ಯಾರ ಮಗ, ಯಾರ ಸೊಸೆ ಎಂದು ಕೇಳಿ ತಿಳಿದುಕೊಳ್ಳಿ. ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುವುದರಿಂದ, ಹೆಸರಿನ ಜೊತೆಗೆ ಊರನ್ನೂ ಸೇರಿಸಿ ನೆನಪಿಡುವುದು ಒಳ್ಳೆಯದು.

ಹೊಸಬರ ಪರಿಚಯವಾದಾಗ ಹೆಸರನ್ನು ಕೇಳಿದ ಕೂಡಲೇ ಮಾತಿನಲ್ಲಿ ಒಮ್ಮೆ ಬಳಸಿ. ಅನಂತರ ಕೆಲವು ನಿಮಿಷ ಬಿಟ್ಟು ಒಮ್ಮೆ, ಊಟದ ಪಂಕ್ತಿಯಲ್ಲಿ ಕುಳಿತಾಗ ಮತ್ತೊಮ್ಮೆ, ಮನೆಗೆ ಮರಳುವಾಗ ಇನ್ನೊಮ್ಮೆ, ಯಾರನ್ನೂ ಕೇಳದೆ ನೀವೇ ನೆನಪಿಸಿಕೊಳ್ಳಲು ಯತ್ನಿಸಿ. ಹೀಗೆ ಅಂತರವನ್ನು ಹಿಗ್ಗಿಸುತ್ತಾ ಹೋಗುವ ಕ್ರಮ ಹೆಸರುಗಳನ್ನು ಉಳಿಸಿಕೊಳ್ಳಲು ನೆರವಾಗುತ್ತದೆಂದು ಮನೋವಿಜ್ಞಾನಿಗಳಾದ ಲ್ಯಾಂಡವರ್ ಮತ್ತು ಬ್ಯೋರ್ಕ್ 1978ರಲ್ಲೇ ತೋರಿಸಿದ್ದರು.

ಇಷ್ಟಾದರೂ ಹೆಸರು ಬಾರದಿದ್ದರೆ ಗೊತ್ತಿರುವಂತೆ ನಟಿಸಬೇಡಿ. ಮಾತು ಮುಂದುವರಿದಷ್ಟೂ ಕೇಳುವುದು ಕಷ್ಟವಾಗುತ್ತದೆ. "ನಿಮ್ಮ ಹಾಸನದ ಮನೆಗೆ ಬಂದದ್ದು ಚೆನ್ನಾಗಿ ನೆನಪಿದೆ, ಹೆಸರು ಮಾತ್ರ ತಕ್ಷಣ ನಾಲಿಗೆಗೆ ಬರುತ್ತಿಲ್ಲ, ದಯವಿಟ್ಟು ಹೇಳಿ" ಎಂದರೆ ಯಾರಿಗೂ ನೋವಾಗದು, ಏಕೆಂದರೆ ನೀವು ಅವರನ್ನು ಮರೆತಿಲ್ಲವೆಂಬುದು ಆ ಮಾತಿನಲ್ಲೇ ಇದೆ. ವಯಸ್ಸಾದವರನ್ನು ಹೀಗೆ ನೇರವಾಗಿ ಕೇಳುವುದು ನಮ್ಮಲ್ಲಿ ಅಷ್ಟು ಸರಿಕಾಣುವುದಿಲ್ಲ. ಅವರಿಗೆ ದೊಡ್ಡಪ್ಪ, ಅತ್ತೆ ಎಂಬ ಸಂಬೋಧನೆಯೇ ಸಾಕು. ಹೆಸರನ್ನು ಬಳಗದವರಿಂದ ಆಮೇಲೆ ತಿಳಿದುಕೊಳ್ಳಬಹುದು.

ಅಣ್ಣನ ಹೆಸರಿನಿಂದ ತಮ್ಮನನ್ನು ಕರೆದುಬಿಟ್ಟರೆ, ಒಮ್ಮೆ ಕ್ಷಮೆ ಕೇಳಿ ಸರಿಯಾದ ಹೆಸರಿನಿಂದ ಕರೆದು ಮಾತು ಮುಂದುವರಿಸಿ. ಮತ್ತೆ ಮತ್ತೆ ಕ್ಷಮೆ ಕೇಳಿದರೆ ಸಮಾಧಾನ ಹೇಳುವ ಹೊರೆ ಅವರ ಮೇಲೆಯೇ ಬೀಳುತ್ತದೆ. ನಿಮ್ಮನ್ನೇ ಅಜ್ಜಿ ಬೇರೆ ಮೊಮ್ಮಗಳ ಹೆಸರಿನಿಂದ ಕರೆದರೆ ಎಲ್ಲರೆದುರು ತಿದ್ದಬೇಡಿ. ಇಂಥ ಅದಲುಬದಲು ಸಾಮಾನ್ಯವಾಗಿ ಒಂದೇ ಬಗೆಯ ಸಂಬಂಧದವರ ನಡುವೆ ಆಗುತ್ತದೆಂದು 2016ರ ಅಧ್ಯಯನವೊಂದು ಕಂಡುಕೊಂಡಿದೆ.

ಎದುರಿನವರಿಗೂ ಇದೇ ಇಕ್ಕಟ್ಟು ಇರಬಹುದು. ಬಹಳ ವರ್ಷಗಳ ಮೇಲೆ ಭೇಟಿಯಾದವರಿಗೆ ಗುರುತು ಸಿಕ್ಕಿತೇ ಎಂದು ಪರೀಕ್ಷೆ ಒಡ್ಡದೆ, ನಿಮ್ಮ ಹೆಸರು, ಊರು, ಯಾರ ಮನೆಯವರೆಂಬುದನ್ನು ನೀವೇ ಮೊದಲು ಹೇಳಿಬಿಡಿ.