ಫ್ರಿಜ್ ಬೀಗ, ಪಾರ್ಟೋಗ್ರಾಫ್ ಗೆರೆ: ನರ್ಸ್ ಮೆಂಟರ್ ಆಗಿ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ನಾನು ನರ್ಸ್ ಮೆಂಟರ್ ಆಗಿ ಓಡಾಡಿದವಳು. ಉತ್ತರ ಕರ್ನಾಟಕಕ್ಕೆ ಈ ಕೆಲಸ ತೀರಾ ಹೊಸದಲ್ಲ. ತಾಯಿ-ಮಗುವಿನ ಆರೋಗ್ಯದ ‘ಸುಕ್ಷೇಮ’ ಯೋಜನೆ ಬಾಗಲಕೋಟೆ, ವಿಜಯಪುರ ಸೇರಿ ಎಂಟು ಜಿಲ್ಲೆಗಳಲ್ಲಿ ನಡೆದಿತ್ತು. ಮೆಂಟರ್‌ಗಳು ಪಿಎಚ್‌ಸಿಗೇ ಹೋಗಿ ನರ್ಸ್‌ಗಳ ಜೊತೆ ಕೂತು ಕಲಿಸುವ ಪದ್ಧತಿ ಆಗಲೇ ಇತ್ತು.

ಆದರೂ ಮೊದಲ ಸಲ ಹೋದಾಗ ಪ್ರಶ್ನೆ ಒಂದೇ. “ಅಕ್ಕಾರ, ತಪ್ಪ ಹುಡುಕಾಕ ಬಂದೀರೇನ್ರಿ?” ಅವರು ಕೇಳಿದ್ದು ಸರಿಯೇ. ಬರುವವರೆಲ್ಲ ರಿಜಿಸ್ಟರ್ ತಿರುವಿ, ವಿಸಿಟ್ ಬುಕ್‌ನಲ್ಲಿ ಎರಡು ಸಾಲು ಕೊರತೆ ಬರೆದು, ಚಹಾ ಕುಡಿದು ಹೋಗುವವರೇ. ಹಾಗಾಗಿ ವಿಸಿಟ್ ಬುಕ್ ಮುಟ್ಟೋದೇ ಇಲ್ಲ ಅಂತ ನಾನು ಮೊದಲೇ ಹೇಳಿಬಿಡುತ್ತಿದ್ದೆ. ಏನೇ ಮಾತಿದ್ದರೂ ಕೇಸ್ ಶೀಟ್ ಮುಂದಿಟ್ಟುಕೊಂಡು.

ಗರ್ಭಕೊರಳು 4 ಸೆಂ.ಮೀ. ತೆರೆದ ಮೇಲೆ ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗೆರೆ ಎಳೆದು ತೋರಿಸುವ ಶೀಟ್, ಶುರು ಮಾಡಬೇಕು. ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಬರೆಯಬೇಕು. ನಾನು ನೋಡಿದ ಎಷ್ಟೋ ಶೀಟ್‌ಗಳಲ್ಲಿ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಎದೆಬಡಿತ ಉದ್ದಕ್ಕೂ 140. ಹೆರಿಗೆ ಮುಗಿದ ಮೇಲೆ ತುಂಬಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಇದನ್ನು ಸೋಮಾರಿತನ ಅನ್ನೋದು ಸುಲಭ. ಆದರೆ ರಾತ್ರಿ ಪಾಳಿಯಲ್ಲಿ ಇರೋದು ಒಬ್ಬರೇ ಸಿಸ್ಟರ್, ಒಬ್ಬರು ಆಯಾ. ಶೀಟ್ ಇರೋದು ಆಚೆ ಕೋಣೆಯ ಟೇಬಲ್ ಮೇಲೆ. ಪ್ರತಿ ಸಲ ಗ್ಲೌಸ್ ತೆಗೆದು ಅಲ್ಲಿಗೆ ಓಡುವವರು ಯಾರು? ಶೀಟನ್ನು ಕ್ಲಿಪ್‌ಬೋರ್ಡ್‌ಗೆ ಹಾಕಿ ಮಂಚಕ್ಕೆ ಕಟ್ಟಿದೆವು. ಪೆನ್ನಿಗೆ ದಾರ ಹಾಕಿದೆವು. ಗಡಿಯಾರ ಎದುರು ಗೋಡೆಗೆ ಬಂತು. ಹೆರಿಗೆ ನಿಧಾನ ಆಗಿ ಶೀಟ್‌ನ ಎಚ್ಚರಿಕೆ ಗೆರೆ ದಾಟಿದರೆ 108 ಕರೆದು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ. ಆಗಿನದನ್ನು ಆಗಲೇ ಬರೆದರೆ ತಾನೇ ದಾಟಿದ್ದು ಕಾಣೋದು?

ತಿಂಗಳ ಕೊನೆಗೆ ಒಂದೇ ಲೆಕ್ಕ: ಹೊತ್ತಿಗೆ ಸರಿಯಾಗಿ ಬರೆದ ಶೀಟ್ ಎಷ್ಟು. ಸಿಸ್ಟರ್‌ಗಳೇ ಎಣಿಸಿ ಗೋಡೆಯ ಗ್ರಾಫ್‌ನಲ್ಲಿ ಚುಕ್ಕಿ ಇಡುತ್ತಿದ್ದರು. ಚುಕ್ಕಿ ಕೆಳಗಿಳಿದ ತಿಂಗಳು ಯಾರನ್ನೂ ಗದರಬಾರದು ಅಂತ ಡಾಕ್ಟರನ್ನು ಮೊದಲೇ ಒಪ್ಪಿಸಿದ್ದೆ. ಗದರಿದರೆ ಮುಂದಿನ ತಿಂಗಳು ಮತ್ತೆ ಸ್ಕೇಲ್ ಗೆರೆ ಗ್ಯಾರಂಟಿ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಆಕ್ಸಿಟೋಸಿನ್ ಅನ್ನೋ ಇಂಜೆಕ್ಷನ್. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಕೊಟ್ಟರೆ ರಕ್ತಸ್ರಾವದ ಅಪಾಯ ಬಹಳ ಕಡಿಮೆ ಆಗುತ್ತದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಒಂದು ಕೇಂದ್ರದಲ್ಲಿ ಆಂಪೂಲ್‌ಗಳು ಹೆರಿಗೆ ಕೋಣೆಯ ಟ್ರೇನಲ್ಲೇ ಇದ್ದವು. ಕಣ್ಣಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಒಳಗೆ ಔಷಧದ ಶಕ್ತಿ ಇಳಿದಿರುತ್ತದೆ.

ಎಲ್ಲರನ್ನೂ ಕೂರಿಸಿ ಕೇಳಿದೆ. ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ ಫ್ರಿಜ್) ಲಸಿಕೆ ಬಿಟ್ಟು ಬೇರೇನೂ ಇಡೋದಿಲ್ಲ ಅಂದರು ಆರೋಗ್ಯ ಸಹಾಯಕರು. ತಮ್ಮ ಕೋಣೆಯಲ್ಲಿ ಫ್ರಿಜ್ ಇದೆಯಲ್ಲ ಅಂದರು ಫಾರ್ಮಸಿಸ್ಟ್. ಡಾಕ್ಟರ್ ಹೊಸ ಫ್ರಿಜ್‌ಗೆ ಆರೋಗ್ಯ ರಕ್ಷಾ ಸಮಿತಿಯಲ್ಲಿ ದುಡ್ಡು ಕೇಳೋಣ ಅಂದರು. ಆಗ ಬಾಗಿಲ ಹತ್ತಿರ ನಿಂತಿದ್ದ ಆಯಾ ಅಂದದ್ದು: “ಫ್ರಿಜ್ ಐತ್ರಿ ಸರ್, ಸಂಜಿಮುಂದ ಕೋಣಿಗೆ ಬೀಗ ಬೀಳ್ತೈತಿ. ರಾತ್ರಿ ಹೆರಿಗಿಗೆ ಯಾರ ತೆಗೀಬೇಕ್ರಿ?” ಇಷ್ಟೇ ವಿಷಯ. ಫ್ರಿಜ್ಜನ್ನು ಹೆರಿಗೆ ಕೋಣೆಯ ಪಕ್ಕಕ್ಕೆ ಸರಿಸಿದೆವು. ಅಲ್ಲಿಗೆ ಇನ್ವರ್ಟರ್ ಲೈನ್ ಮೊದಲೇ ಇತ್ತು. ದಿನಕ್ಕೆರಡು ಸಲ ಟೆಂಪರೇಚರ್ ಬರೆಯೋದು ಪಾಳಿಯ ಸಿಸ್ಟರ್ ಕೆಲಸ ಆಯಿತು. ಒಂದು ರೂಪಾಯಿ ಖರ್ಚಿಲ್ಲ. ಅಂದಿನಿಂದ ಆಯಾ ಇಲ್ಲದ ಮೀಟಿಂಗ್ ನಾನು ಮಾಡಿಲ್ಲ.

ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಕ್ಯೂಎಎಸ್ ಸರ್ಟಿಫಿಕೇಟ್‌ಗೆ ಕನಿಷ್ಠ ಶೇ 70 ಅಂಕ ಬೇಕು. ಅಂಕ ಅಂದ ಕೂಡಲೇ ಗೋಡೆಗೆ ಬಣ್ಣ, ಬಾಗಿಲಿಗೆ ಬೋರ್ಡು ಶುರು. ಬೇಡ ಅಂತಲ್ಲ, ಬೀಗದ ಕೈ ಯಾರ ಹತ್ತಿರ ಅಂತಲೂ ಕೇಳಿ ಅಂತೀನಿ ಅಷ್ಟೆ.

ಉಸಿರಾಡದ ಮಗುವಿಗೆ ಬ್ಯಾಗ್ ಮತ್ತು ಮಾಸ್ಕ್ ಹಾಕುವ ಡ್ರಿಲ್ ಬೇರೆಯೇ ಕಥೆ. ಮೊದಲ ಒಂದು ನಿಮಿಷ ಬಹಳ ಮುಖ್ಯ. ಬೊಂಬೆಯ ಮೇಲೆ ಮಾಡಿ ತೋರಿಸಿ ಅಂದರೆ ಹಿರಿಯ ಸಿಸ್ಟರ್ ಒಬ್ಬರು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಡಾಕ್ಟರ್ ಎದುರು ಕೈ ನಡುಗಿದರೆ ಮರ್ಯಾದೆ ಹೋಗುತ್ತದೆ ಅನ್ನೋ ಭಯ. ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ನಾವಿಬ್ಬರೇ ಬಾಗಿಲು ಹಾಕಿಕೊಂಡು ಮಾಡಿದೆವು. ಮಾಸ್ಕ್ ಗದ್ದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ, ಗಾಳಿ ಸೋರುತ್ತಿತ್ತು. ಕೈ ಕೂತ ಮೇಲೆ, ಗುತ್ತಿಗೆ ಮೇಲೆ ಬಂದ ಹೊಸ ಹುಡುಗಿಯರಿಗೆ ಅವರೇ ಕಲಿಸಲು ನಿಂತರು. ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದು ಹುಡುಗಿಯರಿಗೆ ಬೇಗ ಹತ್ತಿತು.

ಸರಿ ಹೋಗದೆ ಉಳಿದದ್ದು ರೆಫರಲ್. ಕಳಿಸಿದ ತಾಯಿಗೆ ಮುಂದೆ ಏನಾಯಿತು ಅಂತ ಮೇಲಿನ ಆಸ್ಪತ್ರೆಗಳಿಂದ ಸುದ್ದಿ ಬರೋದಿಲ್ಲ. ಮೊದಲ ಹೆರಿಗೆಗೆ ತವರಿಗೆ ಬಂದವರಾದರೆ ಆಮೇಲೆ ಹುಡುಕೋದೂ ಕಷ್ಟ. ಸದ್ಯಕ್ಕೆ ಮರುದಿನ ಆಶಾ ಕಾರ್ಯಕರ್ತೆಯೇ ಮನೆಯವರಿಗೆ ಫೋನ್ ಮಾಡುತ್ತಾರೆ. ತಿಳಿದದ್ದನ್ನು ಸಿಸ್ಟರ್ ರೆಫರಲ್ ರಿಜಿಸ್ಟರ್‌ನ ಕೊನೆಯ ಕಾಲಂನಲ್ಲಿ ಬರೆದಿಡುತ್ತಾರೆ.